ಅವನೋ, ಅದೋ: ರಕ್ತಪಿಶಾಚಿ ಬೇಟೆಗಾರ್ತಿಯ ಧರ್ಮಸಂಕಟವನ್ನು ಕಥೆಯಾಗಿಸುವ ಬಗೆ

ರಕ್ತಪಿಶಾಚಿಗಳನ್ನು ಬೇಟೆಯಾಡುವ ತರುಣಿಯೊಬ್ಬಳು ತಾನು ಕೊಲ್ಲಬೇಕಾದವನನ್ನೇ ಪ್ರೀತಿಸುತ್ತಾಳೆ ಎಂಬ ವಸ್ತುವನ್ನು ಕೈಗೆತ್ತಿಕೊಂಡವರು ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ, ಅದನ್ನು ನಾನೂ ಮಾಡಿದ್ದೇನೆ. ನನ್ನ ಕರಡಿನಲ್ಲಿ ಬೇಟೆಗಾರರ ಹಿರಿಯ ಕ್ರೂರಿಯಾಗಿದ್ದ, ಮಾತು ಮಾತಿಗೂ ಗದರುತ್ತಿದ್ದ. ಪ್ರೇಮಿಯಾದರೋ ಸಭ್ಯನಾಗಿದ್ದ, ಮನುಷ್ಯರ ರಕ್ತವನ್ನು ಮುಟ್ಟದೆ ಕಾಡುಪ್ರಾಣಿಗಳ ರಕ್ತದಲ್ಲೇ ದಿನ ದೂಡುತ್ತಿದ್ದ. ಅದನ್ನು ಓದಿದ ಸ್ನೇಹಿತೆ ಮೂರನೆಯ ಅಧ್ಯಾಯಕ್ಕೇ ಕೆಳಗಿಟ್ಟು, "ಇವಳು ಇನ್ನೂ ಯಾಕೆ ಆ ಮುದುಕನ ಜೊತೆ ಇದ್ದಾಳೆ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ಬರೆದದ್ದರಲ್ಲಿ ಸಂಕಟವೇ ಇರಲಿಲ್ಲ. ಒಂದು ಕಡೆ ಒಳ್ಳೆಯದನ್ನೂ ಇನ್ನೊಂದು ಕಡೆ ಕೆಟ್ಟದ್ದನ್ನೂ ಇಟ್ಟು, ನಾಯಕಿಯನ್ನು ಇನ್ನೂರು ಪುಟಗಳ ಕಾಲ ಸುಮ್ಮನೆ ಹಿಂದೆ ಮುಂದೆ ನೋಡುವಂತೆ ಮಾಡಿದ್ದೆ, ಅಷ್ಟೆ.

ಇಂಥ ಕಥೆಯನ್ನು ಕಟ್ಟುವವರು ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿ ಇಕ್ಕಟ್ಟು, ಧರ್ಮಸಂಕಟವಲ್ಲ. ದರಿಯನ್ನಾಗಲಿ ಹುಲಿಯನ್ನಾಗಲಿ ಯಾರೂ ಪ್ರೀತಿಸುವುದಿಲ್ಲ, ಎರಡರಿಂದಲೂ ತಪ್ಪಿಸಿಕೊಳ್ಳುವ ಮೂರನೆಯ ದಾರಿ ಸಿಕ್ಕಿದರೆ ಓದುಗರಿಗೆ ಸಂತೋಷವೇ. ಧರ್ಮಸಂಕಟದಲ್ಲಿ ಎರಡು ಕಡೆಯಲ್ಲೂ ಪ್ರೀತಿ ಇರುತ್ತದೆ, ಎರಡು ಕಡೆಯಲ್ಲೂ ಹೊಣೆ ಇರುತ್ತದೆ. ಬೇಟೆಗಾರ್ತಿಯ ಕರ್ತವ್ಯವನ್ನು ಒಂದು ಸಂಘದ ನಿಯಮವಾಗಿಯೋ ಹಳೆಯ ಪ್ರಮಾಣವಚನವಾಗಿಯೋ ಇಟ್ಟರೆ ಅದು ಪ್ರೀತಿಯ ಎದುರು ನಿಲ್ಲಲಾರದು. ಕಾಗದದ ಮೇಲಿನ ನಿಯಮಕ್ಕಾಗಿ ಯಾರೂ ಪ್ರಿಯತಮನ ಎದೆಗೆ ಗೂಟ ಹೊಡೆಯುವುದಿಲ್ಲ. ಆ ಕರ್ತವ್ಯವೂ ಯಾರದೋ ಮುಖವಾಗಿ, ಹೆಸರಾಗಿ, ಕೆಮ್ಮಾಗಿ ಅವಳ ಕಣ್ಣೆದುರು ಬರಬೇಕು.

ಇದು ಕಥೆಗಾರರ ಕಲ್ಪನೆಯಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಊರಿನಲ್ಲಿ 1892ರ ಜನವರಿಯಲ್ಲಿ ಮರ್ಸಿ ಬ್ರೌನ್ ಎಂಬ ಹತ್ತೊಂಬತ್ತರ ಹುಡುಗಿ ಕ್ಷಯರೋಗದಿಂದ ತೀರಿಕೊಂಡಳು. ಅವಳಿಗಿಂತ ಮೊದಲೇ ತಾಯಿಯೂ ಅಕ್ಕನೂ ಅದೇ ರೋಗಕ್ಕೆ ಬಲಿಯಾಗಿದ್ದರು, ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಒಬ್ಬರು ಬದುಕಿರುವವನ ಜೀವವನ್ನು ಹೀರುತ್ತಿದ್ದಾರೆ ಎಂದು ನೆರೆಹೊರೆಯವರು ನಂಬಿದರು. ತಂದೆ ಜಾರ್ಜ್ ಬ್ರೌನ್‌ಗೆ ಇದರಲ್ಲಿ ನಂಬಿಕೆಯಿರಲಿಲ್ಲ, ಆದರೂ ಅವರ ಒತ್ತಾಯಕ್ಕೆ ಒಪ್ಪಿದ. ಮಾರ್ಚ್ ತಿಂಗಳಲ್ಲಿ ಶವಗಳನ್ನು ಹೊರತೆಗೆದಾಗ, ಚಳಿಗಾಲದಲ್ಲಿ ಸತ್ತಿದ್ದ ಮರ್ಸಿಯ ದೇಹ ಮಾತ್ರ ಕೊಳೆತಿರಲಿಲ್ಲ. ಅವಳ ಹೃದಯವನ್ನು ಸುಟ್ಟು, ಬೂದಿಯನ್ನು ಬೆರೆಸಿ ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ರಾಬರ್ಟ್ ಕಾಖ್ ಗುರುತಿಸಿ ಆಗಲೇ ಹತ್ತು ವರ್ಷಗಳಾಗಿದ್ದವು.

ಈ ಘಟನೆಯಲ್ಲಿ ಖಳನಾಯಕ ಯಾರೂ ಇಲ್ಲ ಎಂಬುದನ್ನು ಕಥೆಗಾರರು ಗಮನಿಸಬೇಕು. ಸತ್ತ ಮಗಳ ಎದೆಯನ್ನು ಬಗೆಯಲು ತಂದೆ ಒಪ್ಪಿದ್ದು ಬದುಕಿರುವ ಮಗನಿಗಾಗಿ. ಅವನನ್ನು ಹಿಂಡಿದ ಎರಡೂ ಕೈಗಳು ಅವನ ಮನೆಯವೇ. ನಿಮ್ಮ ಬೇಟೆಗಾರ್ತಿಯನ್ನೂ ಇಂಥದೇ ಜಾಗದಲ್ಲಿ ನಿಲ್ಲಿಸಬೇಕು. ಇದಕ್ಕೆ ನಾನು ಅನುಸರಿಸುವ ಕ್ರಮ ಸರಳವಾದುದು: ಕಥೆ ಬರೆಯುವ ಮುನ್ನ, ಅವಳು ತನ್ನ ಕೆಲಸವನ್ನು ಮಾಡದೇ ಹೋದರೆ ಸಾಯುವ ಮೂವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಆ ಮೂವರಲ್ಲಿ ಒಬ್ಬರಾದರೂ ಅವಳಿಗೆ ಇಷ್ಟವಾದವರಾಗಿರಬೇಕು, ಒಬ್ಬರು ಅವಳಿಗೆ ಕಂಡರಾಗದವರಾಗಿರಬೇಕು, ಏಕೆಂದರೆ ಇಷ್ಟವಿಲ್ಲದವರನ್ನೂ ಕಾಯಬೇಕಾಗಿ ಬಂದಾಗಲೇ ಹೊಣೆಯ ಭಾರ ನಿಜವಾಗಿ ತಿಳಿಯುವುದು.

ಪಿಶಾಚಿ ಎಲ್ಲಿಂದ ಬಂತು ಎಂಬುದನ್ನು ತಿಳಿದಿರಬೇಕು

ಕೋಟೆಯಲ್ಲಿ ವಾಸಿಸುವ, ಕಪ್ಪು ನಿಲುವಂಗಿಯ, ಮಾತಿನಲ್ಲಿ ಮರುಳು ಮಾಡುವ ಶ್ರೀಮಂತ ರಕ್ತಪಿಶಾಚಿ ತೀರ ಈಚಿನವನು. ಇಂಗ್ಲಿಷ್ ಗದ್ಯದಲ್ಲಿ ಅವನು ಕಾಣಿಸಿಕೊಂಡದ್ದು 1819ರಲ್ಲಿ, ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಪ್ರಕಟವಾದದ್ದು 1897ರಲ್ಲಿ. ಅದಕ್ಕಿಂತ ಹಿಂದಿನ, ಆಗ್ನೇಯ ಯುರೋಪಿನ ಬಾಲ್ಕನ್ ಹಳ್ಳಿಗಳ ಜನಪದ ಪಿಶಾಚಿ ಒಬ್ಬ ರೈತ. ಸತ್ತ ಮೇಲೆ ಅವನು ದೂರದ ಸುಂದರಿಯರನ್ನು ಹುಡುಕಿಕೊಂಡು ಹೋಗುವುದಿಲ್ಲ, ತನ್ನ ಮನೆಗೇ ಮರಳುತ್ತಾನೆ.

1725ರಲ್ಲಿ, ಆಗ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಸರ್ಬಿಯದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೇತರ್ ಬ್ಲಾಗೊಯೆವಿಚ್ ಎಂಬಾತ ಸತ್ತ ಕೆಲವು ವಾರಗಳ ಬಳಿಕ, ಎಂಟು ದಿನಗಳಲ್ಲಿ ಒಂಬತ್ತು ಮಂದಿ ಸತ್ತರು. ಸಾಯುವವರು ಅವನು ರಾತ್ರಿ ಬಂದು ತಮ್ಮ ಮೇಲೆ ಮಲಗಿ ಕತ್ತು ಹಿಸುಕಿದನೆಂದು ಹೇಳಿದ್ದರು. ಫ್ರೋಂಬಾಲ್ಡ್ ಎಂಬ ಅಧಿಕಾರಿ ಮೇಲಿನವರ ಅಪ್ಪಣೆ ಬರುವವರೆಗೆ ತಡೆಯಿರಿ ಎಂದರೂ, ಗೋರಿಯನ್ನು ತೆರೆಯಲು ಬಿಡದಿದ್ದರೆ ಊರನ್ನೇ ಬಿಟ್ಟು ಹೋಗುತ್ತೇವೆಂದು ಜನ ಹಟ ಹಿಡಿದರು. ಕೊನೆಗೆ ಶವಕ್ಕೆ ಗೂಟ ಹೊಡೆದು ಸುಟ್ಟರು. ಆ ಅಧಿಕಾರಿ ಬರೆದ ವರದಿ ಅದೇ ವರ್ಷದ ಜುಲೈ ತಿಂಗಳಲ್ಲಿ ವಿಯೆನ್ನಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗೂಟ, ಬೆಂಕಿ, ರಕ್ತ ಎಲ್ಲವೂ ಅದರಲ್ಲಿವೆ, ಆದರೆ ನನ್ನ ಮಟ್ಟಿಗೆ ಅದರಲ್ಲಿ ಅತ್ಯಂತ ಭಯಾನಕವಾದುದು ಬೇರೆಯೇ ಒಂದು ವಿವರ. ಸತ್ತ ಗಂಡ ತನ್ನ ಬಳಿಗೆ ಬಂದು ಪಾದರಕ್ಷೆಗಳನ್ನು ಕೇಳಿದನೆಂದು ಅವನ ಹೆಂಡತಿ ಹೇಳಿದಳು, ಹೇಳಿ ಆ ಊರನ್ನೇ ಬಿಟ್ಟು ಬೇರೆ ಹಳ್ಳಿಗೆ ಹೊರಟುಹೋದಳು.

ರಕ್ತವನ್ನಲ್ಲ, ಪಾದರಕ್ಷೆಯನ್ನು ಕೇಳಿದ. ಬದುಕಿದ್ದಾಗ ಹೊಲಕ್ಕೆ ಹೊರಡುವ ಮುನ್ನ ಅದೇ ಬಾಗಿಲಲ್ಲಿ ಅದೇ ಮಾತನ್ನು ಅವನು ಎಷ್ಟು ಸಲ ಕೇಳಿದ್ದನೋ. ಪ್ರೀತಿ ಮತ್ತು ಭೀತಿ ಒಂದೇ ಮಾತಿನಲ್ಲಿ ಕೂಡಿಕೊಳ್ಳುವ ಇಂಥ ಒಂದು ಸಣ್ಣ ವಸ್ತುವನ್ನು ನಿಮ್ಮ ಕಥೆಯಲ್ಲಿ ಮೊದಲೇ ಆಯ್ದುಕೊಳ್ಳಿ. ಅದು ಬಾಚಣಿಗೆಯಾಗಬಹುದು, ಅರ್ಧ ಹೆಣೆದ ಟೊಪ್ಪಿಗೆಯಾಗಬಹುದು. ಕಥೆಯ ಆರಂಭದಲ್ಲಿ ಸಂಸಾರದ ವಸ್ತುವಾಗಿ ಬಂದು, ನಡುವಿನಲ್ಲಿ ಸತ್ತವನ ಬೇಡಿಕೆಯಾಗಿ ಮರಳಬೇಕು.

ಬಾಲ್ಕನ್ ನಂಬಿಕೆಗಳಲ್ಲಿ ಕಥೆಗಾರರಿಗೆ ಇನ್ನೊಂದು ನಿಧಿಯಿದೆ. ಹೀಗೆ ಮರಳಿ ಬಂದ ಗಂಡನಿಂದ ವಿಧವೆಗೆ ಹುಟ್ಟಿದ ಮಗುವನ್ನು ಧಾಂಪೀರ್ ಎನ್ನುತ್ತಿದ್ದರು. ಬೇರೆಯವರ ಕಣ್ಣಿಗೆ ಬೀಳದ ಪಿಶಾಚಿಯನ್ನು ಅಂಥವನು ಕಾಣಬಲ್ಲ, ಕೊಲ್ಲಬಲ್ಲ ಎಂದು ನಂಬಿ, ಹಳ್ಳಿಯವರು ಅವನನ್ನೇ ಕರೆಸುತ್ತಿದ್ದರು. ಶನಿವಾರ ಹುಟ್ಟಿದವರಿಗೂ ಇಂಥ ಶಕ್ತಿಯಿದೆ ಎಂಬ ನಂಬಿಕೆ ಅಲ್ಲಲ್ಲಿ ಇತ್ತು. ಅಂದರೆ ಜನಪದರ ಕಲ್ಪನೆಯಲ್ಲಿ ಬೇಟೆಗಾರ ಹೊರಗಿನಿಂದ ಬಂದ ವೀರನಲ್ಲ, ಸಾವನ್ನೂ ದಾಟಿ ಉಳಿದ ದಾಂಪತ್ಯದ ಫಲ ಅವನು. ಪ್ರೀತಿ ಮತ್ತು ಬೇಟೆಯನ್ನು ಒಂದುಗೂಡಿಸಲು ನಾವು ಹೊಸದಾಗಿ ಕಷ್ಟಪಡಬೇಕಾಗಿಲ್ಲ, ಅವು ಮೂಲದಲ್ಲೇ ಒಂದೇ ಮನೆಯವು.

ನಿಮ್ಮ ಕಥೆ ಹದಿನೆಂಟನೆಯ ಶತಮಾನದಲ್ಲಿ ನಡೆಯುವುದಾದರೆ ಬೇಟೆಗಾರ್ತಿ ಗೋರಿಯಲ್ಲಿ ಏನನ್ನು ಕಾಣುತ್ತಾಳೆ ಎಂಬುದನ್ನೂ ಸರಿಯಾಗಿ ಬರೆಯಬೇಕು. ಶವ ಕೊಳೆಯುವಾಗ ಒಳಗೆ ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ, ಆದ್ದರಿಂದ ಸತ್ತವನು ಉಂಡು ಕೊಬ್ಬಿದಂತೆ ಕಾಣುತ್ತಾನೆ. ಆ ಒತ್ತಡಕ್ಕೆ ಕಪ್ಪುಗೆಂಪು ದ್ರವ ಬಾಯಿ ಮೂಗುಗಳಿಂದ ಹೊರಬರುತ್ತದೆ. ಮೇಲ್ಚರ್ಮ ಕಳಚಿ ಕೆಳಗಿನ ಪದರ ಹೊಸ ಚರ್ಮದಂತೆ ತೋರುತ್ತದೆ, ಬೆರಳ ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಬೆಳೆದಂತೆ ಕಾಣುತ್ತದೆ, ಗೂಟ ಹೊಡೆದಾಗ ಒಳಗಿನ ಅನಿಲ ಗಂಟಲಿನ ಮೂಲಕ ನುಗ್ಗಿ ನರಳಿದಂತೆ ಸದ್ದಾಗುತ್ತದೆ. ಸೇನೆಯ ವೈದ್ಯ ಯೋಹಾನ್ ಫ್ಲೂಕಿಂಗರ್ 1732ರ ಜನವರಿಯಲ್ಲಿ ಮೆದ್ವೆಜಾ ಎಂಬ ಹಳ್ಳಿಯಿಂದ ಬರೆದು ತಂದ ವರದಿ ಯುರೋಪಿನಲ್ಲೆಲ್ಲ ಸುದ್ದಿಯಾದದ್ದು ಇಂಥ ಚಿಹ್ನೆಗಳಿಂದಲೇ. ಇದನ್ನೆಲ್ಲ ತಿಳಿದ ಕಥೆಗಾರನ ಕೈಗೆ ಒಂದು ಹರಿತವಾದ ಆಯುಧ ಸಿಗುತ್ತದೆ, ಅದು ಸಂಶಯ. ತಾನು ಇದುವರೆಗೆ ಗೂಟ ಹೊಡೆದವರಲ್ಲಿ ಎಷ್ಟು ಮಂದಿ ನಿಜವಾಗಿ ಪಿಶಾಚಿಗಳಾಗಿದ್ದರು ಎಂಬ ಪ್ರಶ್ನೆ ಬೇಟೆಗಾರ್ತಿಗೆ ಒಮ್ಮೆ ಹುಟ್ಟಿದರೆ ಸಾಕು, ಮುಂದಿನ ಪುಟಗಳಲ್ಲಿ ಅವಳ ಕೈ ತಾನಾಗಿಯೇ ನಡುಗುತ್ತದೆ.

ಕಾಲವನ್ನು ಇನ್ನೂ ಇಪ್ಪತ್ತು ವರ್ಷ ಮುಂದಕ್ಕೆ ಒಯ್ದರೆ ಕಾನೂನೂ ಕಥೆಯೊಳಗೆ ಬರುತ್ತದೆ. 1755ರಲ್ಲಿ ಆಸ್ಟ್ರಿಯದ ಸಾಮ್ರಾಜ್ಞಿ ಮಾರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನ ವರದಿಯ ಬಳಿಕ, ಗೋರಿಗಳನ್ನು ತೆರೆದು ಶವಗಳಿಗೆ ಗೂಟ ಹೊಡೆಯುವುದನ್ನೂ ಸುಡುವುದನ್ನೂ ನಿಷೇಧಿಸಿದಳು. ಆ ಮೇಲೆ ಬೇಟೆಗಾರ್ತಿ ಊರಿಗೆ ರಕ್ಷಕಿ, ಸರ್ಕಾರಕ್ಕೆ ಅಪರಾಧಿ. ಪ್ರಿಯತಮನನ್ನು ಉಳಿಸಬೇಕೆಂದಿದ್ದರೆ ಅವಳು ಒಂದು ದೂರು ಬರೆದು ಕೊಟ್ಟರೆ ಸಾಕು. ನ್ಯಾಯವೇ ತನ್ನ ಪರವಾಗಿದೆ ಎಂಬ ನೆಪ ಸಿಕ್ಕಾಗ ಮನಸ್ಸು ಹೇಗೆ ಜಾರುತ್ತದೆ ಎಂಬುದನ್ನು ಬರೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿಲ್ಲ.

ನಿಯಮಗಳನ್ನು ನೋವಾಗುವಂತೆ ಹೂಡುವುದು

ಪಿಶಾಚಿಯ ನಿಯಮಗಳೆಲ್ಲ ಅನಾದಿಯಿಂದ ಬಂದವೆಂದು ಭಾವಿಸಿ ಎಲ್ಲವನ್ನೂ ಒಂದೇ ಕಥೆಗೆ ತುರುಕುವ ಅಗತ್ಯವಿಲ್ಲ. ಸ್ಟೋಕರ್‌ನ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲಿ ಓಡಾಡುತ್ತಾನೆ. ಬಿಸಿಲು ತಾಕಿದರೆ ಪಿಶಾಚಿ ನಾಶವಾಗುತ್ತದೆ ಎಂಬುದು 1922ರ ಒಂದು ಜರ್ಮನ್ ಮೂಕಿ ಚಿತ್ರದಿಂದ ಹರಡಿದ ಕಲ್ಪನೆ. ಹಾಗಾಗಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮಗೆ ಸೇರಿದ್ದು. ನನ್ನ ಸಲಹೆಯೆಂದರೆ ಮೂರು ಅಥವಾ ನಾಲ್ಕು ನಿಯಮಗಳನ್ನು ಮಾತ್ರ ಆರಿಸಿಕೊಂಡು, ಪ್ರತಿಯೊಂದೂ ಪಿಶಾಚಿಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಬೇಟೆಗಾರ್ತಿಯನ್ನು ಪರೀಕ್ಷಿಸುವಂತೆ ಹೂಡಬೇಕು.

ಕರೆಯದೆ ಪಿಶಾಚಿ ಒಳಗೆ ಬರಲಾರದು ಎಂಬ ನಿಯಮವನ್ನೇ ತೆಗೆದುಕೊಳ್ಳಿ. ಇದನ್ನು ಬಾಗಿಲ ಅಗುಳಿಯಂತೆ ಬಳಸಿದರೆ ದಂಡ. ಇದರ ಬೆಲೆ ಇರುವುದು "ಬಾ" ಎಂಬ ಒಂದೇ ಅಕ್ಷರ ಅವಳ ನಾಲಿಗೆಯ ತುದಿಯಲ್ಲಿ ನಿಂತ ರಾತ್ರಿಯಲ್ಲಿ. ಹಾಗೆಯೇ ಚೆಲ್ಲಿದ ಕಾಳುಗಳನ್ನು ಎಣಿಸಿ ಮುಗಿಸದೆ ಪಿಶಾಚಿ ಮುಂದೆ ಹೋಗಲಾರದು ಎಂಬ ಹಳೆಯ ನಂಬಿಕೆ. ನನ್ನ ಎರಡನೆಯ ಕರಡಿನಲ್ಲಿ ಮಿಲಿತ್ಸಾ ಎಂಬ ಬೇಟೆಗಾರ್ತಿ ಸ್ಮಶಾನದ ದಾರಿಯಲ್ಲಿ ನವಣೆ ಚೆಲ್ಲುತ್ತಾಳೆ. ಬೆಳಗಿನ ತನಕ ತಡೆಯಲು ಒಂದು ಬೊಗಸೆ ಸಾಕು. ಅವಳು ಒಂದು ಇಡೀ ಚೀಲ ಸುರಿಯುತ್ತಾಳೆ, ಏಕೆಂದರೆ ಅವಳ ಸತ್ತ ಪ್ರಿಯತಮ ಸ್ತೇವಾನ್ ಎಣಿಸುತ್ತ ಕುಳಿತಿರುವಷ್ಟು ಹೊತ್ತು ಅವನು ಯಾರನ್ನೂ ಕೊಲ್ಲುವುದಿಲ್ಲ, ಅವಳೂ ಅವನನ್ನು ಕೊಲ್ಲಬೇಕಾಗಿಲ್ಲ. ಬೇಲಿಯ ಹಿಂದೆ ಕುಳಿತು ನೋಡಬಹುದು. ಬೇಟೆಯ ಉಪಾಯವೊಂದು ಹೀಗೆ ಭೇಟಿಯ ಉಪಾಯವಾಗಿ ತಿರುಗಿದ್ದನ್ನು ನಾನು ವಿವರಿಸಲಿಲ್ಲ. ಮರುದಿನ ಅವಳಿಗೆ ಬೇಟೆ ಕಲಿಸಿದ ಚಿಕ್ಕಪ್ಪ ಖಾಲಿ ಚೀಲವನ್ನು ಕೊಡವಿ ನೋಡಿದ ಎಂದಷ್ಟೇ ಬರೆದೆ.

ಮದ್ದನ್ನು ಮಾತ್ರ ಇಡಬೇಡಿ. ಪಿಶಾಚಿಯನ್ನು ಮತ್ತೆ ಮನುಷ್ಯನನ್ನಾಗಿಸುವ ಬೇರು, ಮಂತ್ರ, ರಕ್ತಪರಿವರ್ತನೆ ಯಾವುದಾದರೂ ಇದೆ ಎಂಬ ಸುಳಿವು ಸಿಕ್ಕ ಕ್ಷಣದಿಂದ ಓದುಗರು ಸಂಕಟವನ್ನು ಬಿಟ್ಟು ಆ ಬೇರನ್ನು ಹುಡುಕತೊಡಗುತ್ತಾರೆ, ಕಥೆ ಬೇರೆ ಜಾತಿಯದಾಗುತ್ತದೆ. ಕಾಡುಪ್ರಾಣಿಗಳ ರಕ್ತ ಕುಡಿದು ಬದುಕುವ ಸಾತ್ವಿಕ ಪಿಶಾಚಿಗೂ ಇದೇ ಮಾತು ಅನ್ವಯಿಸುತ್ತದೆ. ಅವನು ಹಸಿದಿರಬೇಕು, ಆ ಹಸಿವಿಗೆ ಬೇರೆ ಅನ್ನವಿರಬಾರದು.

ತರುಣಿ ಮತ್ತು ಕಲಿಸಿದವನು

ಬೇಟೆಗಾರ್ತಿ ಚಿಕ್ಕ ವಯಸ್ಸಿನವಳಾಗಿರುವುದು ಅಲಂಕಾರಕ್ಕಲ್ಲ. ಹೊಣೆಯನ್ನು ತಾನೇ ಆರಿಸಿಕೊಂಡ ನಲವತ್ತರ ಹೆಂಗಸಿನ ಕಥೆ ಬೇರೆ. ಹತ್ತೊಂಬತ್ತರ ಹುಡುಗಿಗೆ ಹೊಣೆ ಬಂದಿರುವುದು ಆಸ್ತಿ ಬಂದ ಹಾಗೆ, ಅದರ ಸಾಲದ ಸಮೇತ. ಅವಳ ಕೈ ಕಲಿತದ್ದನ್ನು ಅವಳ ಮನಸ್ಸು ಇನ್ನೂ ಒಪ್ಪಿಕೊಂಡಿಲ್ಲ. ಅದಕ್ಕಾಗಿ ಅವಳ ತರಬೇತಿಯನ್ನು ಕೈಯ ಮೂಲಕವೇ ತೋರಿಸಬೇಕು. ಸರ್ಬಿಯದ ಕಡೆ ಗೂಟಕ್ಕೆ ಹಾಥಾರ್ನ್ ಎಂಬ ಮುಳ್ಳುಗಿಡದ ಮರವೇ ಆಗಬೇಕೆಂಬ ನಂಬಿಕೆಯಿದೆ. ಮುಳ್ಳು ತರಿದು, ತೊಗಟೆ ಹೆರೆದು, ತುದಿಯನ್ನು ಕೆಂಡದಲ್ಲಿ ತುಸು ಸುಟ್ಟು ಗಟ್ಟಿಮಾಡುವ ಕೆಲಸವನ್ನು ಅವಳು ದಿನವೂ ಮಾಡುತ್ತಿದ್ದರೆ, ಅಂಗೈಯ ಗಾಯದ ಗುರುತುಗಳೇ ಅವಳ ಪೂರ್ವಕಥೆಯಾಗುತ್ತವೆ. ಆ ಅಂಗೈಯನ್ನು ಪ್ರೀತಿಸುವವನು ಒಮ್ಮೆ ಹಿಡಿದು ನೋಡಿ "ಇದೇನು?" ಎಂದು ಕೇಳಿದರೆ ಅವಳು ಹೇಳುವ ಸುಳ್ಳಿನಿಂದ ಕಥೆ ಆರಂಭಿಸಬಹುದು.

ಕಲಿಸಿದವನನ್ನು ಒಳ್ಳೆಯವನನ್ನಾಗಿ ಮಾಡಿ. ಇದು ನಾನು ಅತ್ಯಂತ ತಡವಾಗಿ ಕಲಿತ ಪಾಠ. ಎರಡನೆಯ ಕರಡಿನಲ್ಲಿ ಗದರುವ ಮುದುಕನನ್ನು ತೆಗೆದು ಮಿಲಿತ್ಸಾಳ ಚಿಕ್ಕಪ್ಪನನ್ನು ಕರೆತಂದೆ. ಅವನ ಹೆಂಡತಿಯೂ ಸತ್ತು ಮರಳಿ ಬಂದವಳೇ. ಅವನು ಆರು ರಾತ್ರಿ ಗೂಟ ಎತ್ತಲಾರದೆ ಸುಮ್ಮನಿದ್ದ. ಏಳನೆಯ ರಾತ್ರಿ ಪಕ್ಕದ ಮನೆಯ ನಾಲ್ಕು ವರ್ಷದ ಮಗು ಸತ್ತಿತು. ಮಗು ಯಾಕೆ ಸತ್ತಿತೆಂದು ಆ ತಾಯಿಗೆ ಇವತ್ತಿಗೂ ತಿಳಿಯದು. ಒಂಟಿ ಮನುಷ್ಯನೆಂಬ ಕನಿಕರದಿಂದ ಪ್ರತಿ ಚಳಿಗಾಲದಲ್ಲೂ ಅವನಿಗೊಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕೊಡುತ್ತಾಳೆ, ಅವನು ಹಾಕಿಕೊಳ್ಳುತ್ತಾನೆ. ಇಷ್ಟನ್ನು ಮಿಲಿತ್ಸಾ ತಿಳಿದ ಮೇಲೆ ಚಿಕ್ಕಪ್ಪ ಅವಳಿಗೆ ಕರ್ತವ್ಯದ ಬಗ್ಗೆ ಒಂದು ಮಾತನ್ನೂ ಹೇಳಬೇಕಾಗಿ ಬರಲಿಲ್ಲ. ಒಲೆಯ ಮುಂದೆ ಒಣಗುತ್ತಿದ್ದ ಕಾಲುಚೀಲಗಳೇ ಆ ಕೆಲಸವನ್ನು ಮಾಡಿದವು. ನನ್ನ ಸ್ನೇಹಿತೆ ಈ ಕರಡನ್ನು ಓದಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಕ್ರಿಯಾಪದದಲ್ಲಿ ಅಡಗಿರುವ ತೀರ್ಮಾನ

ಕನ್ನಡದಲ್ಲಿ ಈ ಕಥೆಯನ್ನು ಬರೆಯುವವರಿಗೆ ಭಾಷೆಯೇ ಒಂದು ದೊಡ್ಡ ಅನುಕೂಲವನ್ನು ಕೊಟ್ಟಿದೆ, ಅದನ್ನು ಬಳಸದೇ ಹೋದರೆ ನಷ್ಟ ನಮ್ಮದೇ. ನಮ್ಮಲ್ಲಿ ಪಿಶಾಚಿ ಬಂತು, ಮನುಷ್ಯ ಬಂದ. ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದ ಬಿಡುವುದಿಲ್ಲ. ವಾಕ್ಯದ ಕೊನೆಗೆ ಬರುವ ಪ್ರತ್ಯಯವೇ ಬಂದದ್ದು ವಸ್ತುವೋ ವ್ಯಕ್ತಿಯೋ ಎಂದು ಹೇಳಿಬಿಡುತ್ತದೆ. ಹಾಗಾಗಿ ಸತ್ತ ಪ್ರಿಯತಮನ ವಿಷಯದಲ್ಲಿ ಬೇಟೆಗಾರ್ತಿ ಬಾಯಿ ತೆರೆದಾಗಲೆಲ್ಲ ಅವಳು ಅವನನ್ನು ಏನೆಂದು ಭಾವಿಸಿದ್ದಾಳೆ ಎಂಬುದು ಬಯಲಾಗುತ್ತದೆ. ಬೇಟೆಗಾರರ ಮನೆಯಲ್ಲಿ ಸತ್ತು ಬಂದವರನ್ನು 'ಅದು' ಎಂದೇ ಕರೆಯಬೇಕೆಂಬ ಕಟ್ಟುನಿಟ್ಟನ್ನು ಕಥೆಯ ಆರಂಭದಲ್ಲೇ ಇಟ್ಟರೆ, ಮುಂದೆ ಒಂದೇ ಪ್ರತ್ಯಯದಿಂದ ಇಡೀ ಮನೆಯನ್ನು ಅಲುಗಾಡಿಸಬಹುದು.

ಭಾಷೆ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಟ್ಟಿದೆ. 'ನಿಂತಿರುವುದು ಕಾಣಿಸಿತು', 'ಬಂದ ಸದ್ದಾಯಿತು' ಎಂಬಂಥ ರಚನೆಗಳಲ್ಲಿ ನಿಂತದ್ದು ಅವನೋ ಅದೋ ಎಂದು ಹೇಳದೆ ಮುಂದೆ ಸಾಗಬಹುದು. ನಿರೂಪಕನೂ ನಾಯಕಿಯೂ ತೀರ್ಮಾನವನ್ನು ಮುಂದೂಡುತ್ತಿರುವಷ್ಟು ಕಾಲ ಇಂಥ ವಾಕ್ಯಗಳನ್ನು ಬಳಸಿ. ನನ್ನ ಕರಡಿನ ಒಂದು ಭಾಗ ಹೀಗಿದೆ:

"ಹೊರಗಿನಿಂದ ದನಿ ಬಂತು. 'ಮಿಲಿತ್ಸಾ, ನನ್ನ ಪಾದರಕ್ಷೆ ಕೊಡು. ಕಾಲು ಕೊರೆಯುತ್ತಿದೆ.' ಸತ್ತವರ ದನಿಗೆ ಓಗೊಡಬಾರದೆಂದು ಚಿಕ್ಕಪ್ಪ ಕಲಿಸಿದ್ದ. ಅವಳು ಓಗೊಡಲಿಲ್ಲ. ಕಿಟಕಿಯ ಸಂದಿನಲ್ಲಿ ಕಣ್ಣಿಟ್ಟಳು. ಹಿಮದ ಮೇಲೆ ಎರಡು ಬರಿಗಾಲು. ಎಡಗಾಲಿನ ಹಿಮ್ಮಡಿಯಿಂದ ಬಲಗಾಲಿನ ಬೆರಳುಗಳನ್ನು ಉಜ್ಜಿಕೊಳ್ಳುತ್ತಿರುವುದು ಕಾಣಿಸಿತು. ಕಾಯುವಾಗ ಮೊದಲಿನಿಂದಲೂ ಅದೇ ಅಭ್ಯಾಸ. ಒಳಕೋಣೆಯಿಂದ ಚಿಕ್ಕಪ್ಪ, 'ಏನದು?' ಎಂದು ಕೇಳಿದ. 'ಏನೋ ಬಂದಿತ್ತು, ಹೋಯಿತು' ಎಂದಳು."

ಇದಾದ ನಾಲ್ಕು ದಿನಗಳ ಬಳಿಕ ರಾತ್ರಿ ಊಟಕ್ಕೆ ಕುಳಿತಾಗ, ಯಾವ ಪೀಠಿಕೆಯೂ ಇಲ್ಲದೆ ಅವಳು "ನಿನ್ನೆಯೂ ಬಂದಿದ್ದ" ಎನ್ನುತ್ತಾಳೆ. ಚಿಕ್ಕಪ್ಪ ಬಾಯಿಗೆ ಒಯ್ಯುತ್ತಿದ್ದ ಚಮಚವನ್ನು ಮೆಲ್ಲಗೆ ಬಟ್ಟಲಿನಲ್ಲಿ ಇಳಿಸುತ್ತಾನೆ. ಅವನು ಕೇಳಿಸಿಕೊಂಡದ್ದು ಸುದ್ದಿಯನ್ನಲ್ಲ, ಪ್ರತ್ಯಯವನ್ನು. ಈ ಒಂದು ಸಾಲಿಗಾಗಿ ಹಿಂದಿನ ಐವತ್ತು ಪುಟಗಳಲ್ಲಿ ನಾನು ಎಲ್ಲ ಕಡೆಯೂ ಎಚ್ಚರದಿಂದ ನಪುಂಸಕಲಿಂಗವನ್ನು ಬಳಸಬೇಕಾಯಿತು. ಎರಡು ಕಡೆ ಕೈತಪ್ಪಿ 'ಬಂದನು' ಎಂದಾಗಿದ್ದುದನ್ನು ಸ್ನೇಹಿತೆಯೇ ಹಿಡಿದಳು.

ನಿಮ್ಮ ಬೇಟೆಗಾರ ಗಂಡಾಗಿ ಪಿಶಾಚಿ ಹೆಣ್ಣಾದರೂ ಇದು ಹೀಗೆಯೇ ನಡೆಯುತ್ತದೆ. ಸತ್ತವರು ವಯಸ್ಸಿನಲ್ಲಿ ಹಿರಿಯರಾಗಿದ್ದರೆ 'ಬಂತು' ಮತ್ತು 'ಬಂದರು' ಎಂಬುವುಗಳ ನಡುವಿನ ಅಂತರ ಇನ್ನೂ ದೊಡ್ಡದು. ತಾಯಿಯನ್ನು 'ಅದು' ಎನ್ನಬೇಕಾದ ಮಗಳ ಕಥೆಯನ್ನು ಬರೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಪದಗಳ ಆಯ್ಕೆಯ ಬಗ್ಗೆ ಇನ್ನೊಂದೇ ಮಾತು. 'ಕರ್ತವ್ಯ' ಎಂಬ ಪದವನ್ನು ಪಾತ್ರಗಳ ಬಾಯಲ್ಲಿ ಆದಷ್ಟು ತರಬೇಡಿ, ಅದು ಭಾಷಣದ ಪದ. 'ಋಣ' ಎಂದರೆ ಪ್ರೀತಿಯೂ ಹೌದು, ಹೊಣೆಯೂ ಹೌದು, ಸಾಲವೂ ಹೌದು. ಸ್ತೇವಾನ್‌ನ ಬಗ್ಗೆಯೂ ಕಾಲುಚೀಲ ಹೆಣೆಯುವ ತಾಯಿಯ ಬಗ್ಗೆಯೂ ಮಿಲಿತ್ಸಾ ಈ ಒಂದೇ ಪದವನ್ನು ಬಳಸಿದಾಗ ಅವಳ ಸಂಕಟದ ಎರಡು ತುದಿಗಳು ತಾವಾಗಿಯೇ ಗಂಟು ಬೀಳುತ್ತವೆ.

ತಡಮಾಡಿದ್ದರ ಬೆಲೆ

ಕಥೆಯ ನಡುಭಾಗ ಸಾಮಾನ್ಯವಾಗಿ ಸೊರಗುವುದು ನಾಯಕಿ ಯೋಚಿಸುತ್ತ ಕುಳಿತುಕೊಳ್ಳುವುದರಿಂದ. ಅವಳು ಯೋಚಿಸುವುದನ್ನು ಬರೆಯಬೇಡಿ, ಮುಂದೂಡುವುದನ್ನು ಬರೆಯಿರಿ. ಮುಂದೂಡಲು ಪ್ರತಿ ಬಾರಿಯೂ ಅವಳಿಗೊಂದು ಒಪ್ಪಬಹುದಾದ ಕಾರಣ ಸಿಗಬೇಕು, ಪ್ರತಿ ಬಾರಿಯೂ ಆ ಕಾರಣ ಹಿಂದಿನದಕ್ಕಿಂತ ತುಸು ದುರ್ಬಲವಾಗಿರಬೇಕು, ಬೆಲೆ ತುಸು ಹೆಚ್ಚಾಗಿರಬೇಕು. ಮೊದಲ ಬಾರಿ ಗುರುತು ಖಚಿತವಾಗಿಲ್ಲ ಎಂಬುದು ನಿಜವಾದ ಕಾರಣ, ಸತ್ತದ್ದು ಒಂದು ಕುರಿ. ಎರಡನೆಯ ಬಾರಿ ಮಂಜು ಮುಸುಕಿತ್ತು ಎಂಬುದು ಅರ್ಧ ಸತ್ಯ, ಹಾಸಿಗೆ ಹಿಡಿದದ್ದು ಅವಳಿಗೆ ಕಂಡರಾಗದ ಗಿರಣಿಯವನು. ಅವನ ಮನೆಗೆ ಅವಳು ಸಾರು ಒಯ್ದು ಕೊಡುತ್ತಾಳೆ, ಅವನು ಮೊದಲ ಬಾರಿಗೆ ಅವಳನ್ನು "ಮಗಳೇ" ಎನ್ನುತ್ತಾನೆ. ಮೂರನೆಯ ಬಾರಿ ಅವಳಿಗೆ ಕಾರಣವೇ ಸಿಗುವುದಿಲ್ಲ. ಸುಮ್ಮನೆ ಗೂಟವನ್ನು ಮನೆಯಲ್ಲಿ ಮರೆತು ಬರುತ್ತಾಳೆ. ಬೇಟೆಗಾರ್ತಿಯೊಬ್ಬಳು ಗೂಟವನ್ನು ಮರೆಯುವುದೆಂದರೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಂತದಲ್ಲಿ ಪ್ರಿಯತಮನೂ ಸುಮ್ಮನಿರಬಾರದು. ಅವನು ಬರೀ ಹಸಿವಾಗಿಬಿಟ್ಟರೆ ಕೊಲ್ಲುವುದು ಸುಲಭ, ಬರೀ ಪ್ರೀತಿಯಾಗಿ ಉಳಿದರೆ ಕೊಲ್ಲುವುದು ಅನ್ಯಾಯ. ಒಂದೇ ಮಾತಿನಲ್ಲಿ ಎರಡೂ ಇರುವಂತೆ ಅವನನ್ನು ಮಾತಾಡಿಸಬೇಕು. "ಗಿರಣಿಯವನ ಮನೆಯಲ್ಲಿ ಬೆಚ್ಚಗಿತ್ತು" ಎಂದು ಸ್ತೇವಾನ್ ಕಿಟಕಿಯಾಚೆಯಿಂದ ಹೇಳುವಾಗ ಅವನು ಚಳಿಯ ಬಗ್ಗೆ ದೂರುತ್ತಿದ್ದಾನೋ ಬೆದರಿಸುತ್ತಿದ್ದಾನೋ ಅವಳಿಗೆ ತಿಳಿಯುವುದಿಲ್ಲ, ಬರೆಯುವಾಗ ನನಗೂ ತಿಳಿದಿರಲಿಲ್ಲ.

ಕೊನೆಯ ರಾತ್ರಿ

ಕೊನೆಯಲ್ಲಿ ಕೊಲ್ಲಬೇಕೋ ಬಿಡಬೇಕೋ ಎಂಬುದನ್ನು ನಾನು ಹೇಳಲಾರೆ. ಹೇಗೆ ಮುಗಿಸಬಾರದು ಎಂದು ಮಾತ್ರ ಹೇಳಬಲ್ಲೆ. ಆಕಸ್ಮಿಕವಾಗಿ ಮೋಡ ಸರಿದು ಬಿಸಿಲು ಬೀಳುವುದು, ಬೇರೊಬ್ಬ ಬೇಟೆಗಾರ ಮಧ್ಯೆ ನುಗ್ಗಿ ಗೂಟ ಹೊಡೆಯುವುದು, ಪ್ರಿಯತಮನೇ ತ್ಯಾಗ ಮಾಡಿ ಬೆಂಕಿಗೆ ಹಾರುವುದು, ಇವೆಲ್ಲ ತೀರ್ಮಾನವನ್ನು ಅವಳ ಕೈಯಿಂದ ಕಸಿದುಕೊಳ್ಳುವ ಬಗೆಗಳು. ಇಷ್ಟು ದೂರ ಅವಳೊಂದಿಗೆ ನಡೆದುಬಂದ ಓದುಗರು ಅದನ್ನು ಕ್ಷಮಿಸುವುದಿಲ್ಲ. ಸ್ಟೋಕರ್‌ನ ಕಾದಂಬರಿಯಲ್ಲಿ ಪಿಶಾಚಿಯಾಗಿ ಮರಳಿದ ಲೂಸಿಯ ಎದೆಗೆ ಗೂಟ ಹೊಡೆಯುವವನು ಅನುಭವಿಯಾದ ವಾನ್ ಹೆಲ್ಸಿಂಗ್ ಅಲ್ಲ, ಅವಳನ್ನು ಮದುವೆಯಾಗಬೇಕಿದ್ದ ಆರ್ಥರ್. ಪ್ರೀತಿಸಿದವನ ಕೈಯೇ ಆಗಬೇಕೆಂದು ಹಿರಿಯನೇ ಸೂಚಿಸುತ್ತಾನೆ. ಆ ಪುಸ್ತಕದಲ್ಲಿ ಖುದ್ದು ಡ್ರಾಕುಲಾ ಸಾಯುವುದು ಗೂಟದಿಂದಲ್ಲ, ಎರಡು ಚಾಕುಗಳಿಂದ, ಕೆಲವೇ ಸಾಲುಗಳಲ್ಲಿ. ಖಳನ ಸಾವಿಗಿಂತ ಪ್ರೇಯಸಿಯ ಸಾವಿಗೆ ಹೆಚ್ಚು ಪುಟಗಳನ್ನು ಕೊಟ್ಟ ಆ ಲೆಕ್ಕಾಚಾರ ಸರಿಯಾದುದೆಂದೇ ನನ್ನ ಅಭಿಪ್ರಾಯ.

ಕೆಲಸ ನಡೆಯುವ ಹೊತ್ತಿನಲ್ಲಿ ವಿಶೇಷಣಗಳನ್ನು ಬಿಟ್ಟು ಕ್ರಿಯೆಗಳನ್ನು ಮಾತ್ರ ಬರೆಯಿರಿ. ಅವಳು ಎಲ್ಲಿ ಮಂಡಿಯೂರಿದಳು, ಯಾವ ಕೈಯಲ್ಲಿ ಸುತ್ತಿಗೆ ಹಿಡಿದಳು, ಎಷ್ಟು ಏಟು ಬಿತ್ತು, ಅಷ್ಟೇ ಸಾಕು. ಅವಳು ಕೊಲ್ಲದೆ ಬಿಟ್ಟರೂ ಅದೇ ಕ್ರಮ: ಗೂಟವನ್ನು ಎಲ್ಲಿಟ್ಟಳು, ಯಾವ ದಾರಿ ಹಿಡಿದಳು, ಹಿಂದಿನಿಂದ ಕೇಳಿದ ಹೆಜ್ಜೆಯ ಸದ್ದು ಒಬ್ಬರದೋ ಇಬ್ಬರದೋ. ಆ ಬಳಿಕ ಮರುದಿನ ಬೆಳಗನ್ನು ತಪ್ಪದೆ ಬರೆಯಬೇಕು. ಬಾವಿಗೆ ನೀರಿಗೆ ಬಂದ ಹೆಂಗಸರು ಅವಳಿಗೆ ದಾರಿ ಬಿಡುತ್ತಾರೋ, ಬಾಗಿಲು ಹಾಕಿಕೊಳ್ಳುತ್ತಾರೋ? ನನ್ನ ಕಥೆಯಲ್ಲಿ ಕಾಲುಚೀಲದ ತಾಯಿ ಆ ಬೆಳಗ್ಗೆ ಮಿಲಿತ್ಸಾಳಿಗೂ ಒಂದು ಜೊತೆ ತಂದುಕೊಡುತ್ತಾಳೆ.

ಕರಡು ಮುಗಿದ ಮೇಲೆ ಎರಡು ಬಣ್ಣದ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಸತ್ತವನನ್ನು ಕುರಿತ ಪ್ರತಿಯೊಂದು ಕ್ರಿಯಾಪದಕ್ಕೂ ಗುರುತು ಹಾಕುತ್ತ ಹೋಗಿ, 'ಅದು' ಆದರೆ ನೀಲಿ, 'ಅವನು' ಆದರೆ ಕೆಂಪು. ಬಣ್ಣ ಬದಲಾದ ಪ್ರತಿ ಕಡೆಯೂ ಬದಲಾವಣೆಗೆ ಕಾರಣವಾದ ಘಟನೆಯೊಂದು ಅದೇ ಪುಟದಲ್ಲಿರಬೇಕು; ಇಲ್ಲದಿದ್ದರೆ ಅದು ನಿಮ್ಮ ಅಜಾಗರೂಕತೆ, ಅವಳ ಸಂಕಟವಲ್ಲ. ನಾನು ಹೀಗೆ ಗುರುತು ಹಾಕಿದಾಗ ಕೊನೆಯ ಅಧ್ಯಾಯ ಪೂರ್ತಿ ನೀಲಿಯಾಗಿತ್ತು, ಅವಳು ಮನಸ್ಸು ಗಟ್ಟಿಮಾಡಿಕೊಂಡಿದ್ದಾಳೆಂದು ತೋರಿಸಲು ನಾನು ಬೇಕೆಂದೇ ಹಾಗೆ ಬರೆದಿದ್ದೆ. ಮೂರು ದಿನ ಅದನ್ನು ಹಾಗೆಯೇ ಬಿಟ್ಟೆ. ನಾಲ್ಕನೆಯ ದಿನ ಸುತ್ತಿಗೆಯ ಕೊನೆಯ ಏಟಿನ ನಂತರದ ಒಂದೇ ಒಂದು ವಾಕ್ಯವನ್ನು ತಿದ್ದಿದೆ. 'ಅದು ಕಣ್ಣು ಮುಚ್ಚಿತು' ಎಂದಿದ್ದಲ್ಲಿ 'ಕಣ್ಣು ಮುಚ್ಚಿದ' ಎಂದು ಬರೆದು, ಅವಳು ಪಾದರಕ್ಷೆಗಳನ್ನು ಅವನ ಕಾಲಿಗೆ ತೊಡಿಸುವಲ್ಲಿಗೆ ಕಥೆಯನ್ನು ನಿಲ್ಲಿಸಿ, ಬಾವಿಕಟ್ಟೆಯ ಬೆಳಗನ್ನು ಅದಕ್ಕಿಂತ ಮುಂಚಿನ ಪುಟಕ್ಕೆ ಸರಿಸಿದೆ.